ತೋಟದ ನೆರಳು, ಭದ್ರೆಯ ರೀವ: ಡಿ7500 ಮತ್ತು ಡಿ500ರ ನಡುವೆ

ಆಲ್ದೂರಿನ ಸಮೀಪದ ನಮ್ಮ ಕಾಫಿ ತೋಟದಲ್ಲಿ ಹನ್ನೆರಡು ವರ್ಷಗಳಿಂದ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಇಷ್ಟು ಕಾಲವೂ ನನ್ನ ಕೈಯಲ್ಲಿದ್ದುದು ನಿಕಾನ್ ಸಂಸ್ಥೆಯು 2010ರಲ್ಲಿ ಬಿಡುಗಡೆ ಮಾಡಿದ ಡಿ7000. ಬಿಸಿಲಿನಲ್ಲಿ ಕುಳಿತ ಹಕ್ಕಿಯ ಮಟ್ಟಿಗೆ ಆ ಕ್ಯಾಮೆರಾದ ಮೇಲೆ ನನಗೆ ಇಂದಿಗೂ ದೂರಿಲ್ಲ. ಆದರೆ ಸಿಲ್ವರ್ ಓಕ್ ಮತ್ತು ಹಳೆಯ ಕಾಡುಮರಗಳ ದಟ್ಟ ನೆರಳಿನಲ್ಲಿ ಅದರ ಫೋಕಸ್ ತಡವರಿಸುತ್ತಿತ್ತು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಮೇಲೆ ತಿರುಗಿ ಮುರುಗಿ ಹಾರುವ ನದಿ ರೀವಗಳನ್ನು (ರಿವರ್ ಟರ್ನ್) ಹಿಂಬಾಲಿಸುವಾಗ ಹಕ್ಕಿ ಚೌಕಟ್ಟಿನೊಳಗೇ ಇದ್ದರೂ ಚಿತ್ರ ಮಸುಕಾಗುತ್ತಿತ್ತು. ಹೊಸ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬೇಕೆಂದು ನನಗನ್ನಿಸಿದ್ದು ಈ ಎರಡು ಸಂದರ್ಭಗಳಿಂದಾಗಿ. ಆದ್ದರಿಂದ ನನ್ನ ಹೋಲಿಕೆಯೂ ಮುಖ್ಯವಾಗಿ ಇವೆರಡನ್ನೇ ಆಧರಿಸಿದೆ.

ಲೆನ್ಸ್ ಬದಲಿಸುವ ಆಲೋಚನೆ ಇರಲಿಲ್ಲ. ನನ್ನಲ್ಲಿರುವ ನಿಕಾನ್ 200-500 ಮಿ.ಮೀ. ಎಫ್/5.6 ಲೆನ್ಸನ್ನೇ ಮೂರು ಬಾಡಿಗಳಿಗೂ ಜೋಡಿಸಿ, ಸಾಧ್ಯವಾದ ಮಟ್ಟಿಗೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಚಿತ್ರ ತೆಗೆದೆ. ನಿಕಾನ್‌ನದೇ ಆದ 2017ರ ಡಿ7500 ಅನ್ನು ನನ್ನ ಭಾವನವರು ಮೂರು ವಾರಗಳ ಮಟ್ಟಿಗೆ ಬಿಟ್ಟುಕೊಟ್ಟರು. 2016ರ ಡಿ500 ಹಾಸನದ ಗೆಳೆಯರೊಬ್ಬರದು. ಅದು ಫೆಬ್ರವರಿಯ ಕೊನೆಯಿಂದ ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೂ ನನ್ನ ಬಳಿ ಇತ್ತು.

ಮೊದಲು ಮೆಗಾಪಿಕ್ಸೆಲ್ ಲೆಕ್ಕವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಡಿ7000ದ್ದು 16.2, ಉಳಿದೆರಡರದ್ದು 20.9. ಕೇಳಲು ಇದು ದೊಡ್ಡ ಏರಿಕೆ. ಆದರೆ ಚಿತ್ರದ ಅಗಲವನ್ನು ನೋಡಿದರೆ 4928 ಪಿಕ್ಸೆಲ್‌ಗಳಿದ್ದದ್ದು 5568 ಆಗುತ್ತದೆ, ಅಷ್ಟೆ. ದೂರದ ಕೊಂಬೆಯ ಮೇಲಿರುವ ಹಕ್ಕಿ ಇದರಿಂದ ನೂರಕ್ಕೆ ಹದಿಮೂರರಷ್ಟು ಮಾತ್ರ ದೊಡ್ಡದಾಗಿ ಸಿಗುತ್ತದೆ. ಎರಡು ಹೆಜ್ಜೆ ಮುಂದಿಟ್ಟರೆ ಸಿಗುವ ಲಾಭಕ್ಕಾಗಿ ಹೊಸ ಕ್ಯಾಮೆರಾ ಕೊಳ್ಳಬೇಕಾಗಿಲ್ಲ.

ತೋಟದ ನೆರಳಿನಲ್ಲಿ ನಡೆಸಿದ ಪರೀಕ್ಷೆಗೆ ಒದಗಿಬಂದದ್ದು ಕಾಕರಣೆ ಹಕ್ಕಿ, ಅಂದರೆ ಮಲಬಾರ್ ಟ್ರೋಗನ್. ನಮ್ಮ ತೋಟದ ಅಂಚಿನ ಹಳ್ಳದ ಪಕ್ಕದಲ್ಲಿ ಒಂದು ಜೋಡಿ ಇದೆ. ಗಂಡಿನ ಹೊಟ್ಟೆ ಕೆಂಪು, ತಲೆ ಕಪ್ಪು, ನಡುವೆ ಎದೆಯ ಮೇಲೊಂದು ಬಿಳಿಯ ಪಟ್ಟಿ. ನಮಗೆ ಬೆನ್ನು ಹಾಕಿ ಬಹಳ ಹೊತ್ತು ಅಲುಗದೆ ಕೂರುವುದು ಅದರ ಸ್ವಭಾವವಾದ್ದರಿಂದ ಕ್ಯಾಮೆರಾಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಹಕ್ಕಿ ಸಿಗಲಾರದು. ಬೆಳಿಗ್ಗೆ ಏಳರ ಹೊತ್ತಿಗೆ ಅಲ್ಲಿ ಲೆನ್ಸ್ ಪೂರ್ತಿ ತೆರೆದ ಎಫ್/5.6ರಲ್ಲಿ ಸೆಕೆಂಡಿನ 1/160 ವೇಗ ಬೇಕೆಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ) 3200ಕ್ಕೆ, ಮೋಡವಿದ್ದರೆ 6400ಕ್ಕೆ ಏರಲೇಬೇಕು. 3200ರಲ್ಲಿ ಡಿ7000 ತೆಗೆದ ಚಿತ್ರಗಳಲ್ಲಿ ಹಕ್ಕಿಯ ಕಪ್ಪು ತಲೆಯ ಗರಿಗಳೆಲ್ಲ ಕಲೆಸಿಹೋಗಿ, ನಾಯ್ಸ್ (ಮಬ್ಬಿನಲ್ಲಿ ಚಿತ್ರದ ಮೇಲೆ ಮೂಡುವ ಕಾಳುಕಾಳು ಚುಕ್ಕೆಗಳು) ತೆಗೆದ ಮೇಲೆ ಅಲ್ಲೊಂದು ನುಣ್ಣನೆಯ ಕಪ್ಪು ತೇಪೆ ಮಾತ್ರ ಉಳಿಯಿತು. ಡಿ7500 ಮತ್ತು ಡಿ500 ಎರಡರಲ್ಲೂ 6400ರಲ್ಲಿಯೂ ಗರಿಯ ಎಳೆಗಳು ಕಾಣುತ್ತಿದ್ದವು. ಈ ಎರಡರ ನಡುವೆ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಹಾಳೆಯ ಮೇಲೆ ಮುದ್ರಿಸಿ, ಯಾವುದು ಯಾವುದರದ್ದೆಂದು ಹೇಳದೆ ಮಗಳ ಮುಂದಿಟ್ಟಾಗ ಅವಳಿಗೂ ಗುರುತಿಸಲಾಗಲಿಲ್ಲ. ಕುಳಿತ ಹಕ್ಕಿಯ ಚಿತ್ರದ ಗುಣಕ್ಕಾಗಿಯೇ ಯಾರಾದರೂ ಡಿ500ಕ್ಕೆ ಹೆಚ್ಚು ಹಣ ಕೊಡುವುದಾದರೆ ಆ ಹಣ ವ್ಯರ್ಥವೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನೆರಳಿನಲ್ಲಿ ಫೋಕಸ್ ಹಿಡಿಯುವ ಮಾತು ಬೇರೆ. ಎಷ್ಟು ಮಬ್ಬಿನವರೆಗೆ ಸ್ವಯಂ ಫೋಕಸ್ ಕೆಲಸ ಮಾಡುತ್ತದೆ ಎಂಬುದಕ್ಕೆ ತಯಾರಕರು ಇವಿ ಎಂಬ ಅಳತೆಯನ್ನು ಕೊಡುತ್ತಾರೆ. ಒಂದೊಂದು ಅಂಕಿ ಕೆಳಗಿಳಿದಂತೆ ಬೆಳಕು ಅರ್ಧವಾಗುತ್ತದೆ. ಡಿ7000ದ ಮಿತಿ -1, ಡಿ7500ರದ್ದು -3, ಡಿ500ರ ಚೌಕಟ್ಟಿನ ನಡುವಿನ ಫೋಕಸ್ ಬಿಂದುವಿನದ್ದು -4. ಹಳೆಯ ಕ್ಯಾಮೆರಾ ಕೈಚೆಲ್ಲುವ ಬೆಳಕಿನ ಎಂಟನೆಯ ಒಂದು ಪಾಲಿನಲ್ಲೂ ಡಿ500 ಕೆಲಸ ಮಾಡಬಲ್ಲದು ಎಂದು ಇದರ ಅರ್ಥ. ಎಫ್/5.6 ಲೆನ್ಸಿನೊಂದಿಗೆ ಕಾಗದದ ಮೇಲಿನ ಈ ಲೆಕ್ಕ ಪೂರ್ತಿ ಸಿಗುವುದಿಲ್ಲವಾದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾಫಿ ಗಿಡಗಳ ಬುಡದಲ್ಲಿ ತರಗೆಲೆ ಕೆದಕುವ ನೆಲಸಿಳ್ಳಾರವನ್ನು ಡಿ7000 ಹುಡುಕುತ್ತ ಹಿಂದೆ ಮುಂದೆ ಅಲೆಯುವಷ್ಟರಲ್ಲಿ ಅದು ಗಿಡದ ಮರೆಗೆ ಹೋಗಿರುತ್ತಿತ್ತು. ಡಿ7500 ಒಂದು ಸಲ ತಡವರಿಸಿ ಹಿಡಿಯುತ್ತಿತ್ತು. ಡಿ500 ಬಹುತೇಕ ಮೊದಲ ಒತ್ತಿಗೇ ಹಿಡಿಯಿತು.

ಇನ್ನು ಲಕ್ಕವಳ್ಳಿ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳ ಮೇಲೆ ನದಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಸೇರಿ ಮೊಟ್ಟೆಯಿಡುತ್ತವೆ. ನಡುಗಡ್ಡೆಗೆ ಕಾಲಿಡದೆ, ದೋಣಿಯಲ್ಲಿ ದೂರದಿಂದಲೇ ಅವುಗಳನ್ನು ನೋಡಬೇಕು. ಹಕ್ಕಿಗಳು ಗಾಬರಿಯಿಂದ ಎದ್ದರೆ ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ ಎಂಬುದನ್ನು ಚಿತ್ರಕ್ಕಿಂತ ಮೊದಲು ನೆನಪಿಡಬೇಕು. ನಾನು ಪರೀಕ್ಷಿಸಿದ್ದು ಮೀನಿಗಾಗಿ ನೀರಿನ ಮೇಲೆ ಸುಳಿದಾಡುತ್ತಿದ್ದ ಹಕ್ಕಿಗಳನ್ನು ಮಾತ್ರ. ರೀವವು ತಲೆ ಕೆಳಗೆ ಮಾಡಿ ಗಾಳಿಯಲ್ಲಿ ಒಂದು ಕ್ಷಣ ನಿಂತು, ಫಕ್ಕನೆ ಪಕ್ಕಕ್ಕೆ ಹೊರಳಿ ನೀರಿಗೆ ಧುಮುಕುತ್ತದೆ. ಅಲುಗಾಡುವ ದೋಣಿಯಲ್ಲಿ ಕುಳಿತು, ಮೂರು ಕಿಲೋ ಭಾರವನ್ನು ಎತ್ತಿ ಹಿಡಿದಿರುವ ನನ್ನಂಥವನಿಗೆ ಆ ಹೊರಳಿನಲ್ಲಿ ಹಕ್ಕಿಯನ್ನು ಚೌಕಟ್ಟಿನ ನಡುವೆಯೇ ಉಳಿಸಿಕೊಳ್ಳಲಾಗುವುದಿಲ್ಲ. ಅದು ಅಂಚಿಗೆ ಜಾರಿಯೇ ಜಾರುತ್ತದೆ. ಡಿ7500ರ 51 ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲಿ ಗುಂಪುಗೂಡಿವೆ. ಡಿ500ರ 153 ಬಿಂದುಗಳು ಎಡದಂಚಿನಿಂದ ಬಲದಂಚಿನವರೆಗೂ ಹರಡಿಕೊಂಡಿವೆ, ಅವುಗಳಲ್ಲಿ 99 ಬಿಂದುಗಳು ಅಡ್ಡಗೆರೆ ಉದ್ದಗೆರೆ ಎರಡನ್ನೂ ಗ್ರಹಿಸುವ ಕ್ರಾಸ್ ಮಾದರಿಯವು. ನನ್ನ ಕೈಯ ದೋಷವನ್ನು ಈ ಹರಹು ಎಷ್ಟರ ಮಟ್ಟಿಗೆ ಮುಚ್ಚಿತೆಂದರೆ, ಡಿ7500ರಲ್ಲಿ ಹಕ್ಕಿ ಬಿಂದುಗಳ ಗುಂಪಿನಿಂದ ಹೊರಬಿದ್ದ ಕೂಡಲೇ ಹಿಂದಿನ ಅಲೆಗಳಿಗೆ ಅಂಟಿಕೊಳ್ಳುತ್ತಿದ್ದ ಫೋಕಸ್, ಡಿ500ರಲ್ಲಿ ರೆಕ್ಕೆಯ ತುದಿ ಚೌಕಟ್ಟಿನಿಂದ ಹೊರಗೆ ಹೋದಾಗಲೂ ಹಕ್ಕಿಯ ಕಣ್ಣಿನ ಮೇಲೆಯೇ ಇತ್ತು. ಸಂಜೆ ಮನೆಗೆ ಬಂದು ಚಿತ್ರಗಳನ್ನು ಆರಿಸುವಾಗ, ಡಿ7500ರಲ್ಲಿ ಒಂದು ಧುಮುಕಿನ ಸರಣಿಯ ಮೊದಲ ಕೆಲವು ಚಿತ್ರಗಳು ಮಾತ್ರ ಉಳಿದರೆ, ಡಿ500ರಲ್ಲಿ ನೀರು ಚಿಮ್ಮುವ ಕ್ಷಣವೂ ಉಳಿದಿರುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಕ್ಷಣವೇ.

ಒಂದು ಮಿತಿಯನ್ನೂ ಹೇಳಬೇಕು. ಬಿಸಿಲೇರಿ ಹತ್ತು ಗಂಟೆಯಾದ ಮೇಲೆ ನೀರಿನ ಮೇಲಿನ ಬಿಸಿಗಾಳಿ ನಡುಗತೊಡಗಿದಾಗ ದೂರದ ಹಕ್ಕಿಯ ಚಿತ್ರ ಮೂರು ಕ್ಯಾಮೆರಾಗಳಲ್ಲೂ ಒಂದೇ ರೀತಿ ಕದಡಿಹೋಯಿತು. ಅದಕ್ಕೆ ಯಾವ ಬಾಡಿಯೂ ಪರಿಹಾರವಲ್ಲ.

ಸರಣಿಯ ವೇಗದಲ್ಲಿ ಡಿ7000 ಸೆಕೆಂಡಿಗೆ 6, ಡಿ7500 8, ಡಿ500 10 ಚಿತ್ರಗಳನ್ನು ತೆಗೆಯುತ್ತವೆ. ನನ್ನ ಅನುಭವದಲ್ಲಿ ವೇಗಕ್ಕಿಂತ ಮುಖ್ಯವಾದದ್ದು ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳನ್ನು ಹಿಡಿದಿಡುವ ಒಳಗಿನ ಜಾಗ. ರಾ (ಸಂಸ್ಕರಿಸದ) ಕಡತಗಳಲ್ಲಿ ತೆಗೆದರೆ ಡಿ7000 ಎರಡು ಸೆಕೆಂಡಿನೊಳಗೆ ಏದುಸಿರು ಬಿಡುತ್ತದೆ, ಡಿ7500 50 ಚಿತ್ರಗಳವರೆಗೆ ಅಂದರೆ ಸುಮಾರು ಆರು ಸೆಕೆಂಡು ಓಡುತ್ತದೆ, ಡಿ500 ವೇಗದ ಎಕ್ಸ್‌ಕ್ಯೂಡಿ ಕಾರ್ಡ್ ಹಾಕಿದರೆ 200 ಚಿತ್ರಗಳವರೆಗೆ ನಿಲ್ಲುವುದಿಲ್ಲ. ರೀವದ ಒಂದು ಧುಮುಕಿಗೆ ಆರು ಸೆಕೆಂಡು ಧಾರಾಳವಾಗಿ ಸಾಕಾಗುವುದರಿಂದ ಈ ವಿಷಯದಲ್ಲಿ ಡಿ7500 ಅನ್ನು ನಾನು ಹಿಂದೆ ಹಾಕುವುದಿಲ್ಲ.

ಕೈಗೆ ಹಿಡಿದಾಗ ಡಿ7500 ಹಿತವಾಗಿದೆ. ಡಿ500ರ 860 ಗ್ರಾಂ ಎದುರು ಇದರ ತೂಕ 720 ಗ್ರಾಂ. ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನು ಹತ್ತುವಾಗ ಆ 140 ಗ್ರಾಂ ಕುತ್ತಿಗೆಗೆ ತಿಳಿಯುತ್ತದೆಂದು ಹೇಳುವವರಿದ್ದಾರೆ, ಆದರೆ 2300 ಗ್ರಾಂ ಲೆನ್ಸ್ ಜೊತೆಗಿರುವಾಗ ನನಗೇನೂ ತಿಳಿಯಲಿಲ್ಲ. ಡಿ7500ರಲ್ಲಿ ಒಳಗೇ ಫ್ಲ್ಯಾಶ್ ಇದೆ, ಡಿ500ರಲ್ಲಿ ಇಲ್ಲ. ಹಕ್ಕಿಗಳಿಗೆ ನಾನು ಫ್ಲ್ಯಾಶ್ ಬಳಸುವುದಿಲ್ಲ. ಆದರೆ ಡಿ7500ರಲ್ಲಿ ಕಾರ್ಡಿಗೆ ಒಂದೇ ಕಿಂಡಿ ಇರುವುದು ನನ್ನನ್ನು ಕಾಡಿತು. ಡಿ500ರ ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಪುಟ್ಟ ಜಾಯ್‌ಸ್ಟಿಕ್ ಇದೆ. ಕಣ್ಣನ್ನು ವ್ಯೂಫೈಂಡರ್‌ನಿಂದ ತೆಗೆಯದೆ, ಹಿಡಿತ ಸಡಿಲಿಸದೆ ಫೋಕಸ್ ಬಿಂದುವನ್ನು ಹಕ್ಕಿಯ ತಲೆಗೆ ಒಯ್ಯಬಹುದು. ಮೊದಲ ಎರಡು ದಿನ ಅದರ ಬೆಲೆ ನನಗೆ ತಿಳಿದಿರಲಿಲ್ಲ. ಮತ್ತೆ ಡಿ7500 ಹಿಡಿದಾಗ ಹೆಬ್ಬೆರಳು ಇಲ್ಲದ ಜಾಯ್‌ಸ್ಟಿಕ್ಕನ್ನು ಹುಡುಕತೊಡಗಿತು.

45.7 ಮೆಗಾಪಿಕ್ಸೆಲ್‌ನ ಡಿ850 ಕೊಳ್ಳಬಾರದೇಕೆ ಎಂದು ಭಾವನವರು ಕೇಳಿದರು. ಅದರ ದೊಡ್ಡ ಸಂವೇದಕದ ನಡುಭಾಗವನ್ನು ಮಾತ್ರ ಡಿಎಕ್ಸ್ ಅಳತೆಗೆ, ಅಂದರೆ ಡಿ500ರ ಚಿಕ್ಕ ಸಂವೇದಕದ ಅಳತೆಗೆ, ಕತ್ತರಿಸಿಕೊಂಡರೆ ಉಳಿಯುವ ಅಗಲ 5408 ಪಿಕ್ಸೆಲ್. ಅಂದರೆ ಇದೇ ಲೆನ್ಸಿನಲ್ಲಿ ದೂರದ ಹಕ್ಕಿ ಡಿ500ರಲ್ಲಿ ಎಷ್ಟು ದೊಡ್ಡದೋ ಅದರಲ್ಲಿಯೂ ಸುಮಾರು ಅಷ್ಟೇ. ಮುಳ್ಳಯ್ಯನಗಿರಿಯ ಹುಲ್ಲುಗಾವಲನ್ನೂ ಒಂದೇ ಕ್ಯಾಮೆರಾದಲ್ಲಿ ತೆಗೆಯುವವರಿಗೆ ಅದು ಸರಿ, ನನಗಲ್ಲ. ಹಕ್ಕಿಯ ಕಣ್ಣನ್ನು ತಾನೇ ಗುರುತಿಸುವ ಮಿರರ್‌ಲೆಸ್ ಕ್ಯಾಮೆರಾಗಳು ನಿಜಕ್ಕೂ ಮುಂದಿವೆ. ಅವುಗಳ ಬೆಲೆಗೆ ಈ ವರ್ಷದ ಫಸಲು ಒಪ್ಪುವುದಿಲ್ಲ.

ಕೊನೆಗೆ ಡಿ500 ಕೊಂಡೆ. 2022ರಲ್ಲಿ ಅದರ ತಯಾರಿಕೆ ನಿಂತಿರುವುದರಿಂದ ಬಳಸಿದ್ದನ್ನೇ ಹುಡುಕಬೇಕಾಯಿತು. ಅದರ ಶಟರನ್ನು 2,00,000 ಒತ್ತುಗಳಿಗೆ ಪರೀಕ್ಷಿಸಲಾಗಿದೆ. ನಾನು ಕೊಂಡದ್ದು ಅದರ ಕಾಲು ಭಾಗವನ್ನೂ ಮುಟ್ಟಿರಲಿಲ್ಲ ಎಂಬುದನ್ನು ಚಿತ್ರದ ಕಡತದೊಳಗಿನ ಎಣಿಕೆಯಿಂದ ಖಚಿತಪಡಿಸಿಕೊಂಡೆ. ತೋಟದ ಹಕ್ಕಿಗಳಷ್ಟೇ ಸಾಕೆನ್ನುವ, ಕಡಿಮೆ ಬಳಸಿದ ಬಾಡಿ ಬೇಕೆನ್ನುವ ನೆರೆಯವರೊಬ್ಬರಿಗೆ ನಾನೇ ಡಿ7500 ಕೊಡಿಸಿದ್ದೇನೆ, ಅವರು ಸಂತೋಷವಾಗಿದ್ದಾರೆ. ಮಳೆಗಾಲದಲ್ಲಿ ಬೂಸ್ಟು ಹತ್ತದಂತೆ ಡಿ500 ಮತ್ತು ಲೆನ್ಸ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟಿದ್ದೇನೆ. ಡಿ7000 ಅನ್ನು ಮಾರಲಿಲ್ಲ. ಅಂಗಳದ ನೀರಿನ ತಟ್ಟೆಗೆ ಬರುವ ಪಿಕಳಾರ, ಮಡಿವಾಳಗಳ ಚಿತ್ರಗಳನ್ನು ಮಗಳು ಈಗ ಅದರಲ್ಲೇ ತೆಗೆಯುತ್ತಿದ್ದಾಳೆ.