ಸಮಾವೇಶದ ಬಿಲ್ ಕಟ್ಟಿದವರು ಯಾರು? ಅಮೆರಿಕದ ಫೆಡರಲ್ ಚುನಾವಣಾ ಆಯೋಗದ ವೆಬ್‌ಸೈಟ್: 4/5

ಆಡಿಟ್ ಕೆಲಸ ಮಾಡುವವಳು ನಾನು, ರಸೀದಿ ನೋಡದೆ ನಿದ್ದೆ ಬರಲ್ಲ. ಅಂಥವರಿಗೆ ಈ ಸೈಟ್ ಹಬ್ಬ. ಲಾಗಿನ್ ಬೇಡ, ದುಡ್ಡು ಬೇಡ. ಪಕ್ಷ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸಮಾವೇಶಕ್ಕೆ ಆತಿಥ್ಯ ಕೊಡುವ ಊರಿನ ಸಮಿತಿ, ಅಂದರೆ ಹೋಸ್ಟ್ ಕಮಿಟಿಯ ಹೆಸರು ಹುಡುಕಿ, ಅದರ ಜಮಾ-ಖರ್ಚಿನ ವರದಿಯಾದ ಫಾರ್ಮ್ 4 ತೆರೆದರೆ ಸಾಕು. ಯಾವ ಕಂಪನಿ, ಯಾವ ತಾರೀಖು, ಎಷ್ಟು ಡಾಲರ್, ಎಲ್ಲ ಸಾಲು ಸಾಲಾಗಿ ಬರುತ್ತದೆ. ಹಣದ ಬದಲು ವಸ್ತು, ಸೇವೆ ಕೊಟ್ಟಿದ್ದರೆ ಅದಕ್ಕೂ ಬೆಲೆ ಕಟ್ಟಿ ಬರೆದಿರುತ್ತಾರೆ.

ಹಿಂದೆಲ್ಲ ಈ ಸಮಾವೇಶಕ್ಕೆ ಸರ್ಕಾರವೇ ದುಡ್ಡು ಕೊಡುತ್ತಿತ್ತು. 2012ರಲ್ಲಿ ಎರಡೂ ದೊಡ್ಡ ಪಕ್ಷಗಳಿಗೆ ತಲಾ ಸುಮಾರು 1.8 ಕೋಟಿ ಡಾಲರ್ ಸಿಕ್ಕಿತ್ತು. 2014ರಲ್ಲಿ ಅದನ್ನು ನಿಲ್ಲಿಸಿ, ಹಣವನ್ನು ಮಕ್ಕಳ ಕಾಯಿಲೆಗಳ ಸಂಶೋಧನೆಗೆ ತಿರುಗಿಸಿದರು. ಒಳ್ಳೆಯದೇ. ಆದರೆ ಕಂಪನಿಗಳು ಪಕ್ಷಕ್ಕೆ ನೇರವಾಗಿ ಕೊಡುವಂತಿಲ್ಲ, ಹೋಸ್ಟ್ ಕಮಿಟಿಗೆ ಮಾತ್ರ ಮಿತಿಯೇ ಇಲ್ಲದೆ ಕೊಡಬಹುದು! ಊರಿನ ಹೆಸರು ಬೆಳಗಲಿ ಅಂತ ಕೊಡುತ್ತಾರಂತೆ. ಸುಮ್ನೆ ಯಾರಾದರೂ ಲಕ್ಷಗಟ್ಟಲೆ ಸುರಿಯುತ್ತಾರಾ? ನನ್ನ ಕೇಳಿದರೆ ಆಡಂಬರ ಇಳಿಸಿ, ಬೆಂಬಲಿಗರ ಸಣ್ಣ ದೇಣಿಗೆಯಲ್ಲೇ ನಡೆಸಲಿ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ನಿಯಮಕ್ಕೆ, ಸೈಟಿಗಲ್ಲ. ಈ ಲೆಕ್ಕ ಸಲ್ಲಿಸಬೇಕಾದ್ದು ಸಮಾವೇಶ ಮುಗಿದ ಮೇಲೆ, ಸಾಮಾನ್ಯವಾಗಿ 60 ದಿನದೊಳಗೆ. ಅಷ್ಟೊತ್ತಿಗೆ ಅಭ್ಯರ್ಥಿ ಪ್ರಚಾರಕ್ಕೆ ಹೊರಟು ಆಗಿರುತ್ತದೆ. ದುಡ್ಡು ಬಂದ ವಾರವೇ ಹಾಕಬಹುದಲ್ವಾ?

ಫೈಲ್ ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ಮೊತ್ತದ ಪ್ರಕಾರ ಜೋಡಿಸಿ. ಮೊದಲ ಹತ್ತು ಸಾಲು ಓದಿದರೆ ಸಾಕು.