ವಾಚನಾಲಯದ 12 ಕಂಪ್ಯೂಟರ್, ನೆಟ್ ಮಾತ್ರ ಒಂದೇ

ಬದಿಯಡ್ಕದ ಹತ್ತಿರ ನಮ್ಮೂರ ವಾಚನಾಲಯದಲ್ಲಿ 12 ಕಂಪ್ಯೂಟರ್ ಇವೆ. ಎಲ್ಲದಕ್ಕೂ ಉಬುಂಟು 24.04 (ವಿಂಡೋಸ್ ಬದಲು ಹಾಕುವ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹಾಕಲು ಬೇಕಾದ ಐಎಸ್‌ಒ ಫೈಲೇ ಸುಮಾರು 6 ಜಿಬಿ. ಆಟಿ ತಿಂಗಳ ಮಳೆ ಬೇರೆ. ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ.

ಮೊದಲು ಬ್ರೌಸರಿನಲ್ಲೇ ಇಳಿಸಲು ಹೋದೆ. ಮುಕ್ಕಾಲು ಆದಾಗ ಕರೆಂಟ್ ಹೋಯಿತು, ಮತ್ತೆ ಮೊದಲಿಂದ ಶುರು.

ಆಮೇಲೆ ಟೊರೆಂಟ್, ಅಂದರೆ ಒಂದೇ ಫೈಲನ್ನು ಹಲವರ ಕಂಪ್ಯೂಟರಿನಿಂದ ಹಂಚಿಕೊಂಡು ಇಳಿಸುವ ದಾರಿ. ಸಿನಿಮಾ ಕದಿಯುವವರ ದಾರಿ ಎಂದು ಹೆಸರು ಕೆಟ್ಟಿದೆ, ಆದರೆ 2001ರಲ್ಲಿ ಬ್ರಾಮ್ ಕೊಹೆನ್ ಮಾಡಿದ ಈ ಉಪಾಯ ದೊಡ್ಡ ಫೈಲಿಗೆ ಹೇಳಿ ಮಾಡಿಸಿದ್ದು. ಫೈಲು ಚೂರು ಚೂರಾಗಿ ಬರುತ್ತದೆ. ಪ್ರತಿ ಚೂರಿಗೂ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತಿನ ಸಂಖ್ಯೆ, ಇದೆ. ಹಾಳಾದ ಚೂರನ್ನು ಮಾತ್ರ ಬಿಸಾಡಿ ಮತ್ತೆ ತರಿಸುತ್ತದೆ. ಮೂರು ಸಲ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಿತು. ಆ ಹ್ಯಾಶ್‌ಗಳಿರುವ ಪುಟ್ಟ ಟೊರೆಂಟ್ ಫೈಲನ್ನು ಮಾತ್ರ ಉಬುಂಟುವಿನ ಸೈಟಿನಿಂದಲೇ ತೆಗೆದುಕೊಳ್ಳಬೇಕು.

ಅಷ್ಟರಲ್ಲಿ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಅದೇ ಫೈಲ್ ತಂದ. 'ಸುಮ್ನೆ ಯಾಕೆ ಇಳಿಸ್ತೀಯ ಮಾರಾಯ?' ಎಂದ. ನಿಜ, ಇದರಷ್ಟು ವೇಗ ಯಾವುದಕ್ಕೂ ಇಲ್ಲ. ಆದರೆ ಇಡೀ ಫೈಲಿನ ಹ್ಯಾಶ್ (ಎಸ್‌ಎಚ್‌ಎ256) ಲೆಕ್ಕ ಹಾಕಿ ಉಬುಂಟು ಸೈಟಿನದರ ಜೊತೆ ನೋಡಿದರೆ ತಾಳೆಯಾಗಲಿಲ್ಲ. ಕಾಪಿ ಪೂರ್ತಿಯಾಗುವ ಮೊದಲೇ ಕಿತ್ತಿದ್ದನಂತೆ. ಅಂದಹಾಗೆ, ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದೇ ಇಲ್ಲ.

ನಿಜವಾದ ತಲೆನೋವು ಅಪ್‌ಡೇಟಿನದು. ಒಂದಕ್ಕೆ 400 ಎಂಬಿ ಎಂದರೂ 12ಕ್ಕೆ ಸುಮಾರು 5 ಜಿಬಿ, ಅದೂ ಅದದೇ ಪ್ಯಾಕೇಜ್ (ತಂತ್ರಾಂಶದ ಕಟ್ಟು)! ಒಂದು ಕಂಪ್ಯೂಟರಿನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿದೆ. ಒಮ್ಮೆ ಇಳಿದ ಪ್ಯಾಕೇಜನ್ನು ಕ್ಯಾಷಿನಲ್ಲಿ, ಅಂದರೆ ತನ್ನ ದಾಸ್ತಾನಿನಲ್ಲಿ, ಇಟ್ಟುಕೊಂಡು ಬೇರೆ ಕಂಪ್ಯೂಟರಿಗೆ ಕೊಡುವ ತಂತ್ರಾಂಶ ಅದು. ಉಳಿದ 11ಕ್ಕೆ ಅದರ 3142 ಪೋರ್ಟನ್ನು (ಸಂಪರ್ಕದ ಬಾಗಿಲಿನ ಸಂಖ್ಯೆ) ಪ್ರಾಕ್ಸಿ, ಅಂದರೆ ಮಧ್ಯವರ್ತಿ, ಎಂದು ತೋರಿಸಿದೆ. ಈಗ ಪ್ಯಾಕೇಜ್ ಹೊರಗಿನಿಂದ ಒಂದೇ ಸಲ ಬರುತ್ತದೆ. ನಡುವೆ ಯಾರಾದರೂ ಕೈಯಾಡಿಸಿದರೆ? ಪ್ಯಾಕೇಜುಗಳ ಪಟ್ಟಿಗೆ ಉಬುಂಟುವಿನ ಡಿಜಿಟಲ್ ಸಹಿ ಇದೆ, ಪಟ್ಟಿಯೊಳಗೆ ಪ್ಯಾಕೇಜಿನ ಹ್ಯಾಶ್ ಇದೆ. ತಾಳೆಯಾಗದಿದ್ದರೆ ಪ್ಯಾಕೇಜ್ ಹಾಕುವ ಆಪ್ಟ್ ಅದನ್ನು ಒಳಗೇ ಬಿಡುವುದಿಲ್ಲ. ಅದಕ್ಕೇ ನನ್ನ ಮತ ಇದಕ್ಕೆ.

ಒಂದೇ ಕೊರತೆ ಫೈರ್‌ಫಾಕ್ಸ್ ಬ್ರೌಸರ್. ಉಬುಂಟುವಿನಲ್ಲಿ ಅದು ಸ್ನ್ಯಾಪ್ ಎಂಬ ಬೇರೆ ಬಗೆಯ ಕಟ್ಟು, ಈ ಕ್ಯಾಷಿಗೆ ಸಿಗುವುದಿಲ್ಲ, 12 ಸಲ ಇಳಿಯುತ್ತಿತ್ತು. ಈಗ 'ಸ್ನ್ಯಾಪ್ ಡೌನ್‌ಲೋಡ್' ಆಜ್ಞೆಯಿಂದ ಒಂದು ಸಲ ಇಳಿಸುತ್ತೇನೆ. ಅದರ ಜೊತೆ ಸಹಿ ಇರುವ ಪುಟ್ಟ ಅಸರ್ಟ್ ಫೈಲೂ ಬರುತ್ತದೆ. ಮೊದಲು ಆ ಸಹಿಯ ಫೈಲನ್ನು ಕಂಪ್ಯೂಟರಿಗೆ ಒಪ್ಪಿಸಿ, ಆಮೇಲೆ ಸ್ನ್ಯಾಪ್ ಹಾಕಬೇಕು. ಎರಡನ್ನೂ ಎಲ್ಲ ಕಂಪ್ಯೂಟರಿಗೂ ಒಯ್ಯುವುದು ಗೆಳೆಯನ ಅದೇ ಪೆನ್‌ಡ್ರೈವ್.