ಸುತ್ತ ಎಂಟು ಸ್ಪೀಕರ್, ಕೇಳಿಸಿದ್ದು ಒಂದೇ

‘ಶಬ್ದ ನಿಮ್ಮ ಸುತ್ತ ಹಾರಾಡಲಿದೆ’ ಎಂದು ಫಲಕ ಹಾಕಿ ಯಾರಾದರೂ ಎಲೆಕ್ಟ್ರಾನಿಕ್ ಸಂಗೀತಕ್ಕೆ ಟಿಕೆಟ್ ಮಾರಿದರೆ ಮುಂದಿನ ಸಾಲಿನ ದುಬಾರಿ ಕುರ್ಚಿಗೆ ಆಸೆಪಡಬೇಡಿ. ನಾನು ಆಸೆಪಟ್ಟೆ. 1,500 ರೂಪಾಯಿ ಹೋಯಿತು. ಹೋಗಲಿ ಎಂದರೆ, ಎಡಗಿವಿಯಲ್ಲಿ ಎರಡು ದಿನ ಜೀರುಂಡೆ ಕೂತಿತ್ತು.

ಅಭ್ಯಾಸಬಲವೂ ಕೈಕೊಟ್ಟಿತು ಎನ್ನಿ. ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ರಂಗಸ್ಥಳದ ಬುಡದಲ್ಲಿ ಜಾಗ ಹಿಡಿಯುವುದೇ ಜಾಣತನ. ಇಲ್ಲಿ ಎದುರಿಗೆ ನೋಡುವಂಥದ್ದು ಏನೂ ಇರುವುದಿಲ್ಲ, ಲ್ಯಾಪ್‌ಟಾಪಿನ ಬೆಳಕಿನಲ್ಲಿ ಒಂದು ಮುಖ ಬಿಟ್ಟರೆ. ರಂಗಸ್ಥಳ ಕೇಳುಗನ ಸುತ್ತ ಇರಬೇಕು. 1970ರ ಒಸಾಕಾ ಜಾಗತಿಕ ಮೇಳದಲ್ಲಿ ಪಶ್ಚಿಮ ಜರ್ಮನಿ ಇದಕ್ಕೆಂದೇ ಗೋಳಾಕಾರದ ಸಭಾಂಗಣ ಕಟ್ಟಿಸಿತ್ತು. ಜನ ಶಬ್ದ ತೂರಿಬರುವ ಜಾಲರಿಯ ಮೇಲೆ ಕೂರುತ್ತಿದ್ದರು. ಸ್ಪೀಕರ್‌ಗಳು ಸುತ್ತಲೂ, ತಲೆಯ ಮೇಲೂ, ಕಾಲಡಿಯಲ್ಲೂ. ಇದನ್ನೆಲ್ಲ ಓದಿಕೊಂಡೇ ಬದಿಯಡ್ಕದಿಂದ ಬಸ್ ಹತ್ತಿದ್ದೆ.

ಕಾಸರಗೋಡಿನ ಆ ಸಭಾಂಗಣ ಮದುವೆಗಳದ್ದು. ನನ್ನ ಕುರ್ಚಿ ಎಡಮೂಲೆಯಲ್ಲಿ, ಸ್ಪೀಕರಿನ ಕಂಬ ಕೈಚಾಚಿದರೆ ಸಿಗುವಷ್ಟು ಹತ್ತಿರ. ಹಿಂದಿನ ಮದುವೆಯ ಚೆಂಡುಹೂವಿನ ಮಾಲೆ ಕಂಬಕ್ಕೆ ಇನ್ನೂ ಸುತ್ತಿಕೊಂಡಿತ್ತು. ಮಂದ್ರದ ಪ್ರತಿ ಗುದ್ದಿಗೂ ಎರಡೋ ಮೂರೋ ಒಣ ಎಸಳು ನನ್ನ ಮಡಿಲಿಗೆ ಉದುರುತ್ತಿತ್ತು. ಅರ್ಧ ಗಂಟೆ ಕಳೆದರೂ ಹಾರಿದ್ದು ಅದೊಂದೇ.

ಅನುಮಾನ ಬಂದು ಎದ್ದೆ. ಗೋಡೆ ಬದಿಯಲ್ಲೇ ನಡೆದು ಒಂದೊಂದು ಸ್ಪೀಕರಿನ ಬಳಿಯೂ ನಿಂತು ಕೇಳಿದೆ. ಹಿಂದಿನ ನಾಲ್ಕರಲ್ಲಿಯೂ ಮುಂದಿನ ನಾಲ್ಕರದ್ದೇ ಸದ್ದು! ಮಿಕ್ಸರ್ ಮುಂದೆ ಕೂತಿದ್ದ ಹುಡುಗ ಪಾಪ, ಸುಳ್ಳು ಹೇಳಲಿಲ್ಲ: “ಎರಡು ಚಾನೆಲ್ ಮಾತ್ರ ಸಾರ್, ಅದನ್ನೇ ಎಂಟಕ್ಕೂ ಹಂಚಿದ್ದೇವೆ.” ಚಾನೆಲ್ ಎಂದರೆ ಸ್ಪೀಕರಿಗೆ ಪ್ರತ್ಯೇಕವಾಗಿ ಕಳಿಸುವ ಸದ್ದಿನ ಒಂದು ಎಳೆ.

ಹಾಗೆ ಹಂಚಿದರೆ ಏನಾಗುತ್ತದೆ? ಒಂದೇ ಸದ್ದು ಹಲವು ಕಡೆಯಿಂದ ತುಸು ಹಿಂದುಮುಂದಾಗಿ ಬಂದರೆ, ಮೊದಲು ತಲುಪಿದ ದಿಕ್ಕನ್ನೇ ಕಿವಿ ನಂಬುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ಹತ್ತು ಮೀಟರ್ ಆಚೆಯ ಸ್ಪೀಕರಿನ ಸದ್ದು ಬರುವಾಗ ಸುಮಾರು 30 ಮಿಲಿಸೆಕೆಂಡ್ ಕಳೆದಿರುತ್ತದೆ. ಅಷ್ಟರೊಳಗೆ ಪಕ್ಕದ ಕಂಬ ಕಿವಿಯನ್ನು ಗೆದ್ದಾಗಿರುತ್ತದೆ. ಎಂಟು ಚಾನೆಲ್ ನಿಜವಾಗಿಯೇ ಇದ್ದಿದ್ದರೂ ನನ್ನ ಮೂಲೆಯಲ್ಲಿ ಅರ್ಧಕ್ಕರ್ಧ ನಷ್ಟವೇ. ಆದ್ದರಿಂದ ಸ್ಪೀಕರ್ ಎಷ್ಟು ಎಂದು ಕೇಳಬೇಡಿ, ಬೇರೆ ಬೇರೆ ಚಾನೆಲ್ ಎಷ್ಟು ಎಂದು ಕೇಳಿ. ಉತ್ತರ ತಡವರಿಸಿದರೆ ಮನೆಯಲ್ಲೇ ಇರಿ. ಹೋದರೆ ನಡುಮಧ್ಯದಲ್ಲಿ ಕೂರಿ.

ಜೇಬಿನಲ್ಲಿ ಇಯರ್‌ಪ್ಲಗ್ ಇರಲಿ. ನನ್ನ ಮೊಬೈಲಿನ ಮಾಪಕ 100 ಡೆಸಿಬೆಲ್ ದಾಟಿ ತೋರಿಸಿತು. ಅದನ್ನು ಪೂರ್ತಿ ನಂಬಬೇಕಿಲ್ಲ, ಆದರೆ 85ಕ್ಕೆ ಎಂಟು ಗಂಟೆ ಮಿತಿ ಹೇಳುವ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 100ಕ್ಕೆ ಉಳಿಯುವುದು ಹದಿನೈದೇ ನಿಮಿಷ. ನಾನು ಆ ಕಂಬದ ಬುಡದಲ್ಲಿ ಅದರ ಎರಡರಷ್ಟು ಹೊತ್ತು ಕೂತಿದ್ದೆ.

ಕೊನೆಯ ಹೊತ್ತಿಗೆ ಮಳೆ ಬಂತು. ತಗಡಿನ ಮಾಡಿನ ಮೇಲೆ ಬಾಗಿಲ ಕಡೆಯಿಂದ ಶುರುವಾಗಿ ತಲೆಯ ಮೇಲೆ ಹಾದು ವೇದಿಕೆಯತ್ತ ಸರಿದುಹೋಯಿತು. ಫಲಕದಲ್ಲಿ ಬರೆದದ್ದು ಅಷ್ಟರ ಮಟ್ಟಿಗೆ ನಿಜವಾಯಿತು.

ಹಣ ವಾಪಸು ಕೇಳಿದ್ದಕ್ಕೆ ಸಂಘಟಕರು ನಕ್ಕು, ಮುಂದಿನ ಕಾರ್ಯಕ್ರಮಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ಮುಂದಿನ ಸಾಲಿನ ಟಿಕೆಟಿಗೆ.